ಅಂಚು ಸೀದ ಬ್ರೆಡ್ಡು

ಏಳು ತಿಂಗಳಿಂದ ಪ್ರತಿ ಗುರುವಾರ ನಾನು ಸಿಲ್ಕೆಯ ಮನೆಗೆ ಸಂಜೆಯ ಊಟಕ್ಕೆ ಹೋಗುತ್ತಿದ್ದೆ. ಏಳು ತಿಂಗಳಿಂದಲೂ ಅವಳ ಮಗಳು ಥೆಕ್ಲಾ ನನ್ನ ಮುಂದೆ ಪಿಂಗಾಣಿ ತಟ್ಟೆ ಇಡುತ್ತಿದ್ದಳು. ತಾಯಿ ಮಗಳು ಮಾತ್ರ ಮರದ ಹಲಗೆಯ ಮೇಲೆ ಬ್ರೆಡ್ಡು ಇಟ್ಟುಕೊಂಡು ತಿನ್ನುವರು. ಮನೆಯವರಿಗೆ ಹಲಗೆ, ನೆಂಟರಿಗೆ ತಟ್ಟೆ. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಅವಳಿಗೂ ಇರಲಿಲ್ಲ, ಕೇಳಿಸಿಕೊಳ್ಳುವ ಅಗತ್ಯ ನನಗೂ ಇರಲಿಲ್ಲ.

ನನಗೂ ಸಿಲ್ಕೆಗೂ ಮದುವೆಯ ಮಾತಾಗಿತ್ತು. ಆದರೆ ಹದಿನಾರರ ಥೆಕ್ಲಾ ಒಪ್ಪದೆ ನಾನು ಈ ಮನೆಗೆ ಬರುವಂತಿಲ್ಲ ಎಂದು ಸಿಲ್ಕೆ ಖಡಾಖಂಡಿತವಾಗಿ ಹೇಳಿದ್ದಳು. ಹುಡುಗಿ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ತಟ್ಟೆ ಇಡುತ್ತಿದ್ದಳು, ಅಷ್ಟೇ. ನನಗೋ ತಾಳ್ಮೆ ಕಡಿಮೆ, ಕುತೂಹಲ ಜಾಸ್ತಿ. ಒಂದು ಗುರುವಾರ ಹ್ಯಾಮ್, ಮೊಟ್ಟೆ ಕಟ್ಟಿಕೊಂಡು ಹೋದೆ.

"ಇವತ್ತು ಸ್ಟ್ರಾಮರ್ ಮಾಕ್ಸ್ ನಾನೇ ಮಾಡ್ತೀನಿ," ಅಂದೆ.

"ಸಂಜೆ ಹೊತ್ತು ಒಲೆ ಹಚ್ತೀರಾ?" ಥೆಕ್ಲಾ ಹುಬ್ಬೇರಿಸಿದಳು. "ನಮ್ಮನೇಲಿ ಸಂಜೆಗೆ ತಣ್ಣಗಿರೋದೇ ಊಟ."

"ನಿನಗ್ಯಾಕೆ ಫಾಲ್ಕ್ ಈ ಉಸಾಬರಿ," ಎನ್ನುತ್ತ ಸಿಲ್ಕೆ ಕಾವಲಿ ತೆಗೆದುಕೊಟ್ಟಳು. ಅದರ ಮೇಲೆ ಧೂಳು ಕೂತಿತ್ತು. ಇಂಥ ಅಚ್ಚುಕಟ್ಟಿನ ಮನೆಯಲ್ಲಿ ಧೂಳು ಹೇಗೆ ಎಂದು ಸೋಜಿಗವಾಯಿತು. ತೊಳೆದು, ಬೆಣ್ಣೆ ಕರಗಿಸಿ, ರೈ ಬ್ರೆಡ್ಡಿನ ದಪ್ಪ ಹೋಳುಗಳನ್ನು ಎರಡೂ ಕಡೆ ಹೊಂಬಣ್ಣಕ್ಕೆ ಹುರಿದೆ. ಮೇಲೆ ಹ್ಯಾಮ್ ಹಾಸಿದೆ. ಹಳದಿ ಒಡೆಯದಂತೆ ಮೊಟ್ಟೆ ಕರಿದು ಅದರ ಮೇಲೆ ಕೂರಿಸಿದೆ; ಸ್ಟ್ರಾಮರ್ ಮಾಕ್ಸ್ ಅಂದರೆ ಇಷ್ಟೇ. ನನಗೇ ನನ್ನ ಮೇಲೆ ಹೆಮ್ಮೆಯಾಯಿತು.

ಥೆಕ್ಲಾ ಒಂದು ಮೂಲೆ ಕತ್ತರಿಸಿ ತಿಂದು, ಮಿಕ್ಕಿದ್ದನ್ನು ಸುಮ್ಮನೆ ನೋಡುತ್ತ ಕೂತಳು.

"ಏನು ಕಮ್ಮಿಯಾಗಿದೆ?" ಅಂದೆ.

"ಏನಿಲ್ಲ. ಚೆನ್ನಾಗಿದೆ."

"ಹಾಗಾದ್ರೆ ಮುಖ ಯಾಕೆ ಹಾಗಿದೆ? ನಿಮ್ಮಪ್ಪ ಹೇಗೆ ಮಾಡ್ತಿದ್ರು?"

ಬಾಯಿ ತಪ್ಪಿ ಬಂದ ಮಾತು. ಮೂರು ವರ್ಷದ ಹಿಂದೆ ತೀರಿಕೊಂಡ ಆ ಮನುಷ್ಯನ ಸುದ್ದಿಯನ್ನು ನಾನು ಈ ಮನೆಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಎತ್ತದಿರುವುದೇ ಮರ್ಯಾದೆ ಅಂದುಕೊಂಡಿದ್ದೆ. ಸಿಲ್ಕೆಯ ಕೈಯಲ್ಲಿದ್ದ ಚಾಕು ನಿಂತಿತು. ಇವತ್ತಿಗೆ ಎಲ್ಲ ಮುಗಿಯಿತು ಅನ್ನಿಸಿತು.

"ಹಾಳು ಮಾಡ್ತಿದ್ರು," ಅಂದಳು ಥೆಕ್ಲಾ. "ರೇಡಿಯೋದಲ್ಲಿ ಫುಟ್‌ಬಾಲ್ ಕೇಳ್ತಾ ಬ್ರೆಡ್ಡು ಸೀಯಿಸ್ತಿದ್ರು. ಅಂಚೆಲ್ಲ ಇದ್ದಿಲು."

"ಮೊಟ್ಟೆ ಮಾತ್ರ ಹಸಿಹಸಿ," ಅಂದಳು ಸಿಲ್ಕೆ.

"ನೀನು ಅದನ್ನೂ ಹೊಗಳ್ಕೊಂಡು ತಿಂತಿದ್ದೆ ಕಣಮ್ಮ. ಸುಳ್ಳುಬುರುಕಿ."

ಇಬ್ಬರೂ ನಕ್ಕರು. ಸಿಲ್ಕೆ ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೆ ಆ ಸತ್ತವನ ಮೇಲೆ ಹೊಟ್ಟೆಕಿಚ್ಚೂ ಆಯಿತು, ಪ್ರೀತಿಯೂ ಬಂತು.

ಎದ್ದು ಇನ್ನೊಂದು ಹೋಳು ಕಾವಲಿಗೆ ಹಾಕಿ ಕೈಕಟ್ಟಿ ನಿಂತೆ. ಹೊಗೆ ಏಳುವವರೆಗೂ ಮಗುಚಲಿಲ್ಲ. ಥೆಕ್ಲಾ ಅದನ್ನು ಕರಕಲು ಸಮೇತ ಕೊನೆಯ ತುಣುಕಿನವರೆಗೂ ತಿಂದಳು.

"ಅವರದ್ದು ಇಷ್ಟೊಂದು ಕಪ್ಪಗಿರ್ತಿರ್ಲಿಲ್ಲ," ಅಂದಳು ಬಾಯಿ ಒರೆಸಿಕೊಳ್ಳುತ್ತ. "ವಾರಕ್ಕೊಂದು ಸಲ ಬಂದು ಮಾಡಿದ್ರೆ ನಿಮಗೆ ಕೈ ಕುದುರಲ್ಲ. ಇಲ್ಲೇ ಇದ್ದು ದಿನಾ ಮಾಡ್ಬೇಕು."