ಕಿಟಕಿ ಕಡೆಗೆ ಒದೆಯುವವರು

ದರ್ಜಿಯವರ ಎದೆಗೆ ಎರಡು ಕಾಯಿಲೆ. ಒಂದಕ್ಕೆ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಇನ್ನೊಂದು ಊರಿನ ಫುಟ್‌ಬಾಲ್ ತಂಡ, ಅದಕ್ಕೆ ಮದ್ದಿರಲಿಲ್ಲ.

"ಇನ್ಮೇಲೆ ಮ್ಯಾಚ್ ನೋಡಬೇಡಿ," ಎಂದಿದ್ದರು ಡಾಕ್ಟರು, ಹಿಂದೊಮ್ಮೆ ಎದೆ ಕೈಕೊಟ್ಟಾಗ.

"ರೇಡಿಯೋ?"

"ಅದೂ ಬೇಡ. ಆ ಮನುಷ್ಯ ಕಿರುಚೋದು ಕೇಳಿದ್ರೆ ನನ್ನ ಎದೇನೇ ಬಾಯಿಗೆ ಬರುತ್ತೆ."

"ಬೇರೆ ಊರಿನ ಮ್ಯಾಚು?"

"ಬೇಕಾದಷ್ಟು ನೋಡಿ. ನಮ್ಮೋರದ್ದು ಮಾತ್ರ ಬೇಡ." ಡಾಕ್ಟರೂ ಅದೇ ತಂಡದ ಭಕ್ತರು. ರೋಗ ಅವರಿಗೆ ಅನುಭವದಿಂದಲೇ ಗೊತ್ತಿತ್ತು.

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ ಗಂಡನನ್ನು ನೋಡಲಾರದೆ ಹೆಂಡತಿ ಒಂದು ಉಪಾಯ ಹೂಡಿದಳು. "ನಾನು ಒಳಗೆ ಕೂತು ನೋಡ್ತೀನಿ ರೀ. ಸದ್ದು ಆರಿಸಿಬಿಡ್ತೀನಿ. ಏನಾಯ್ತೋ ಅಲ್ಲಿಂದಲೇ ಮೆಲ್ಲಗೆ ಹೇಳ್ತೀನಿ. ನೀವು ನಿಮ್ಮ ಹೊಲಿಗೆ ಮಾಡ್ತಾ ಕೇಳಿ."

ಹಾಗೆಯೇ ನಡೆಯಿತು. ಟಿ.ವಿ. ಹಳೆಯದು, ಬಣ್ಣ ಬಿಟ್ಟುಕೊಂಡು ಕೆಂಪಂಗಿಯವನೂ ನೀಲಿಯಂಗಿಯವನೂ ಒಂದೇ ಪಾಚಿಯ ಬಣ್ಣಕ್ಕೆ ತಿರುಗಿದ್ದರು. ಹೆಂಡತಿಗೆ ಗುರುತು ಹತ್ತುತ್ತಿರಲಿಲ್ಲ. ಅದಕ್ಕೆ ಆಟ ಶುರುವಾಗುವ ಮುಂಚೆ ದರ್ಜಿಯವರು ಬಾಗಿಲಲ್ಲಿ ನಿಂತು, ತಮ್ಮವರನ್ನು ನಡಿಗೆಯಲ್ಲೇ ಗುರುತು ಹಿಡಿದು, "ಇವತ್ತು ಕಿಟಕಿ ಕಡೆಗೆ ಒದೆಯೋರು ನಮ್ಮೋರು" ಎಂದೋ, "ಗೋಡೆ ಕಡೆಯೋರು" ಎಂದೋ ಹೇಳಿ, ಸೀಟಿ ಊದುವುದರೊಳಗೆ ಹೊರಕೋಣೆಯ ಮೆಷಿನ್ನಿಗೆ ಹಿಂತಿರುಗುತ್ತಿದ್ದರು.

ಒಂದು ಮಾತು ಮಾತ್ರ ಅವರು ಹೇಳಲಿಲ್ಲ. ಅರ್ಧ ಆಟ ಮುಗಿದ ಮೇಲೆ ಎರಡು ತಂಡಗಳೂ ಪಕ್ಕ ಬದಲಾಯಿಸುತ್ತವೆ ಎಂಬುದು ಯಾರಿಗೆ ತಾನೇ ಗೊತ್ತಿರುವುದಿಲ್ಲ? ಸೂಜಿಗೆ ಕಣ್ಣಿರುತ್ತದೆ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಹೆಂಡತಿಗೆ ಗೊತ್ತಿರಲಿಲ್ಲ. ವಿರಾಮ ಕಳೆದರೂ ಆಕೆಯ ಪಾಲಿಗೆ ಕಿಟಕಿಯ ಕಡೆಯವರು ನಮ್ಮವರೇ. ಮೊದಲನೆಯ ದಿನ ಗೆದ್ದೆವೆಂದು ಕೈ ತುಂಬ ಸಿಹಿ ತಂದುಕೊಟ್ಟಳು. ಮರುದಿನ ಪೇಪರು ನೋಡಿದರೆ ತಂಡ ಮಣ್ಣು ಮುಕ್ಕಿತ್ತು. ತಿದ್ದಬೇಕೆಂದು ದರ್ಜಿಯವರು ಅಡಿಗೆಮನೆಯವರೆಗೆ ಹೋದರು. ಆಕೆ ಉಳಿದ ಸಿಹಿಯನ್ನು ಡಬ್ಬಿಗೆ ತುಂಬುತ್ತ, "ನಾನು ನೋಡಿದ ಮೊದಲ ಆಟಾನೇ ಗೆದ್ರು ನೋಡಿ! ನನ್ನ ಕಾಲ್ಗುಣ" ಎಂದಳು. ಆ ಮುಖ ನೋಡಿ ಬಂದ ಮಾತನ್ನು ನುಂಗಿಕೊಂಡು, ನೀರು ಕುಡಿಯಲು ಬಂದವರಂತೆ ಎರಡು ಲೋಟ ನೀರು ಕುಡಿದು ಹೊರಟುಬಂದರು.

ಅಂದಿನಿಂದ ವಿರಾಮದ ನಂತರದ ಸುದ್ದಿಯನ್ನೆಲ್ಲ ಅವರೇ ಮನಸ್ಸಿನಲ್ಲಿ ಮಗುಚಿಕೊಳ್ಳುತ್ತಿದ್ದರು. ನಾವು ಹೊಡೆದೆವು ಎಂದರೆ ಅವರು ಹೊಡೆದರು. ಅವರು ಹೊಡೆದರು ಎಂದರೆ ನಾವು. ಬಟ್ಟೆಯ ಒಳಮೈ ನೋಡಿ ಹೊರಮೈ ಹೇಳುವ ದರ್ಜಿಗೆ ಇದೇನು ಮಹಾ? ಆದರೆ ಸೋತ ದಿನಗಳಲ್ಲಿ ಸಿಹಿ ತಿನ್ನಬೇಕಾಗುತ್ತಿತ್ತು, ಗೆದ್ದ ದಿನ "ಹೋಗಲಿ ಬಿಡಿ, ಆಟ ತಾನೇ" ಎಂಬ ಸಮಾಧಾನವನ್ನು ತಲೆ ತಗ್ಗಿಸಿ ಕೇಳಬೇಕಾಗುತ್ತಿತ್ತು. ಆಗ ಮೀಸೆಯ ಕೆಳಗಿನ ನಗೆ ಕಾಣದಿರಲೆಂದು ಬಾಯಲ್ಲಿ ದಾರ ಕಚ್ಚಿಕೊಳ್ಳುತ್ತಿದ್ದರು. ಹೀಗೆ ವರ್ಷಗಳು ಹೋದವು. ಎದೆಯೂ ತೆಪ್ಪಗಿತ್ತು.

ಆ ಪುಣ್ಯಾತ್ಗಿತ್ತಿಯನ್ನು ದೇವರು ಮೊದಲು ಕರೆದುಕೊಂಡ. ಕಾಯಿಲೆಯವರು ಇವರು, ಹೊರಟವಳು ಆಕೆ. ಅವನ ಲೆಕ್ಕ ಅವನಿಗೆ. ಆಮೇಲೆ ದರ್ಜಿಯವರು ಆಟದ ಮಾತೆತ್ತಲಿಲ್ಲ. ಆದರೆ ತಂಡಕ್ಕೆ ಬುದ್ಧಿ ಬೇಡವೇ? ಹುಟ್ಟಿದಾಗಿನಿಂದ ಸೋಲುವುದನ್ನೇ ಕಸುಬು ಮಾಡಿಕೊಂಡಿದ್ದದ್ದು, ಆ ವರ್ಷವೇ ಫೈನಲಿಗೆ ಬಂದು ನಿಂತಿತು. ಒಂದೇ ಒಂದು ಸಲ ಕಪ್ ಗೆದ್ದ ಸುದ್ದಿ ಕೇಳಿ ಕಣ್ಣು ಮುಚ್ಚಬೇಕೆಂಬುದು ಅವರ ಬಹುದಿನದ ಆಸೆ. ಹೇಳುವವರು ಯಾರು?

"ನಾನು ಹೇಳ್ತೀನಿ ಭಾವ," ಎಂದಳು ನಾದಿನಿ. ಹೆಂಡತಿಯ ತಂಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅಕ್ಕನ ಶುಶ್ರೂಷೆಗೆ ಬಂದವಳು, ಈಗ ಭಾವನ ಮಾತ್ರೆಗಳಿಗೆ ಕಾವಲಾಗಿ ಉಳಿದಿದ್ದಳು. "ಆಸ್ಪತ್ರೇಲಿ ಅಕ್ಕ ಎಲ್ಲ ಹೇಳಿಕೊಟ್ಟಿದ್ದಾಳೆ. ಅಯ್ಯೋ ಅನ್ನಬಾರದು, ಚಪ್ಪಾಳೆ ತಟ್ಟಬಾರದು, ವಿರಾಮದಲ್ಲಿ ನೀರು ಕೊಡಬೇಕು."

ಅಕ್ಕನ ಪಾಠವೇ ಆದರೆ ಮಗುಚುವ ಕೆಲಸ ತನಗೆ ಇದ್ದದ್ದೇ ಎಂದುಕೊಂಡರು ದರ್ಜಿಯವರು. ಆ ದಿನ ಬಾಗಿಲಲ್ಲಿ ನಿಂತು, "ಕಿಟಕಿ ಕಡೆಗೆ ಒದೆಯೋರು ನಮ್ಮೋರು ಕಣಮ್ಮ" ಎಂದು ತೋರಿಸಿ ಬಂದು, ಡಾಕ್ಟರಿಗೆ ಹೊಲಿಯುತ್ತಿದ್ದ ಕೋಟಿನ ತೋಳು ಹಿಡಿದು ಕೂತರು. ಗೆಲ್ಲಿಸು ಎಂದು ದೇವರನ್ನು ಕೇಳಲಿಲ್ಲ. ಎದುರಾಳಿಗಳೂ ಅವನ ಮಕ್ಕಳೇ ತಾನೇ. ಎದೆ ನೋಡಿಕೊಳ್ಳಪ್ಪ ಎಂದರು, ಅಷ್ಟೆ.

ನಾದಿನಿಯ ದನಿ ಪಕ್ಕಾ ಎಕ್ಸ್‌ಚೇಂಜಿನದು. "ಒಬ್ಬ ಬಿದ್ದ. ಎದ್ದ. ಕರಿ ಅಂಗಿಯೋನು ಬೈತಾ ಇದ್ದಾನೆ. ಮತ್ತೆ ಬಿದ್ದ. ಇವನಿಗೆ ಬೇರೆ ಕೆಲಸ ಇಲ್ಲ."

"ಚೆಂಡು ಎಲ್ಲಿದೆಯಮ್ಮ?"

"ಹುಡುಕ್ತಾ ಇದ್ದಾರೆ ಭಾವ. ಸಿಕ್ಕಿದ ಕೂಡಲೇ ಹೇಳ್ತೀನಿ."

ವಿರಾಮದವರೆಗೆ ಗೋಲಿಲ್ಲ. ನೀರು ಬಂತು. ಆಟ ಮತ್ತೆ ಶುರುವಾಯಿತು.

"ನಮ್ಮೋರು ಒಂದು ಹೊಡೆದ್ರು ಭಾವ."

ಅಂದರೆ ಅವರು ಹೊಡೆದರು. ದರ್ಜಿಯವರ ಕೈ ಒಂದು ಕ್ಷಣ ನಿಂತು ಮುಂದೆ ಹೋಯಿತು.

ಸ್ವಲ್ಪ ಹೊತ್ತಿಗೆ, "ಅವರೂ ಒಂದು ಹೊಡೆದ್ರು."

ಸಮ ಸಮ! ಸೂಜಿ ಓಡತೊಡಗಿತು.

ಆಮೇಲೆ ಬಹಳ ಹೊತ್ತು ಬಿದ್ದವರ, ಎದ್ದವರ ವರದಿ. ಕೊನೆಗೆ ಅದೇ ದನಿ: "ಅವರು ಇನ್ನೊಂದು ಹೊಡೆದ್ರು. ಸೀಟಿ ಊದಿದ. ಮುಗೀತು. ಸೋತ್ರು." ಟಕ್ಕನೆ ಟಿ.ವಿ. ಆರಿತು.

ದರ್ಜಿಯವರು ಎದ್ದರು. ಮೊಣಕಾಲು ನೋವಿನವರು, ಏಳುವಾಗ ಯಾವಾಗಲೂ ದೇವರ ನಾಮ ಹೇಳುವವರು, ಈಗ ಹೇಳದೆಯೇ ಎದ್ದರು. "ಗೆದ್ವಿ! ಕಪ್ ನಮ್ದು!" ಎಂದು ಡಾಕ್ಟರ ಕೋಟನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿದರು. ಬೆರಳಿನ ಕವಚ ಹಾರಿ ಎಲ್ಲೋ ಠಣ್ಣೆಂದಿತು.

ನಾದಿನಿ ಓಡಿ ಬಂದಳು. "ಭಾವ! ಸೋತ್ರು ಅಂದೆ!"

"ಗೊತ್ತಮ್ಮ, ಗೊತ್ತು! ನೀನು ಸೋತ್ರು ಅಂದ್ರೆ ಗೆದ್ದ ಹಾಗೇ!"

ಭಾವನಿಗೆ ಪಿತ್ತ ತಲೆಗೇರಿತೆಂದು ಆಕೆ ಮಾತ್ರೆಯ ಡಬ್ಬಿಗೆ ತಡಕಾಡುವಷ್ಟರಲ್ಲಿ ಅವರು ಬೀದಿಬಾಗಿಲು ತೆರೆದಿದ್ದರು. ಬೀದಿ ಪಿಟ್ಟೆನ್ನುತ್ತಿರಲಿಲ್ಲ. ಎದುರಂಗಡಿಯ ಕ್ಷೌರಿಕ ತಂಡದ ಬಾವುಟವನ್ನು ಕೆಳಗಿಳಿಸಿ, ಒದ್ದೆ ಟವೆಲ್ಲಿನಂತೆ ಮಡಿಸುತ್ತಿದ್ದ. ಕೋಟು ಹಿಡಿದು ನಿಂತವರನ್ನು ನೋಡಿ, "ಏನ್ ಯಜಮಾನ್ರೇ, ಸೋತಿದ್ದಕ್ಕೆ ಕುಣೀತಿದ್ದೀರಾ?" ಎಂದ.

ದರ್ಜಿಯವರು ಬಾಗಿಲು ಮುಚ್ಚಿ ಮೆಲ್ಲಗೆ ಬಂದು ಕೂತರು. "ವಿರಾಮ ಆದ ಮೇಲೆ ಪಕ್ಕ ಬದಲಾಗುತ್ತೆ ಅಂತ ನಿನಗೆ ಯಾರು ಹೇಳಿದ್ದು?"

"ಅಕ್ಕ."

"ಅವಳಿಗೆ ಗೊತ್ತಿರಲಿಲ್ಲವಲ್ಲ!"

"ಎರಡನೇ ಆಟಕ್ಕೇ ಗೊತ್ತಾಯ್ತಂತೆ. ನೀವು ಮನಸ್ಸಲ್ಲೇ ಮಗುಚಿಕೊಳ್ತೀರಿ ಅಂತಲೂ ಗೊತ್ತಿತ್ತಂತೆ. ಅವಳು ಗೆದ್ದೆವು ಅಂದಾಗ ನಿಮ್ಮ ಮೆಷಿನ್ನು ನಿಧಾನ ಆಗ್ತಿತ್ತಂತೆ. ತಿರುವುಮುರುವು ಮಾಡ್ತಾ ಕೂತಿದ್ರೆ ಎದೆಗೆ ಹಾರೋಕೆ ಪುರುಸೊತ್ತು ಸಿಗಲ್ಲ, ಹಾಗೇ ಇರಲಿ ಅಂತಿದ್ಲು. ನನಗೂ ತಪ್ಪಾಗಿಯೇ ಹೇಳು ಅಂದ್ಲು. ನನ್ನಿಂದಾಗಲ್ಲ ಭಾವ. ಸರ್ವಿಸ್ ಪೂರ್ತಿ ಒಂದೂ ತಪ್ಪು ಲೈನು ಕೊಟ್ಟವಳಲ್ಲ ನಾನು."

"ಹಾಗಾದ್ರೆ ಸೋತ ದಿನದ ಆ ಸಿಹಿ?"

"ಸೋತ ದಿನ ತಾನೇ ಬೇಕಾಗೋದು, ಅಂತಿದ್ಲು. ಗೆದ್ದ ದಿನ ಇವರಿಗೆ ಇನ್ನೇನು ಬೇಕು, ಅಂತ."

ದರ್ಜಿಯವರು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಹಾರುತ್ತಿರಲಿಲ್ಲ. ಕನ್ನಡಕ ಮಾತ್ರ ಮಂಜಾಗಿತ್ತು; ಒರೆಸಿಕೊಂಡು ಕೋಟನ್ನು ಬೆಳಕಿಗೆ ಹಿಡಿದರೆ, ಮಗುಚುವ ಭರದಲ್ಲಿ ಒಂದು ತೋಳಿನ ಒಳಮೈಯನ್ನು ಹೊರಗೆ ಮಾಡಿ ಹೊಲಿದುಬಿಟ್ಟಿದ್ದರು.

"ಡಾಕ್ಟರಿಗೆ ಹೇಳ್ಬೇಡ," ಎಂದು ಹೊಲಿಗೆ ಬಿಚ್ಚತೊಡಗಿದರು. ನಾದಿನಿ ಆಗಲೇ ಒಳಗೆ ಹೋಗಿದ್ದಳು. ಅಡಿಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

"ಏನು ಮಾಡ್ತಿದ್ದೀಯಮ್ಮ ಅಲ್ಲಿ?"

"ಸೋತಿದ್ದೀವಲ್ಲ ಭಾವ," ಎಂದಿತು ಎಕ್ಸ್‌ಚೇಂಜಿನ ದನಿ.