ಬಾಳಮ್ಮನ ಬಲಗೈ

ಲಾಳಿ ಬಲಗೈಗೆ ಬಂದು ಸೇರಿತು. ಬಾಳಮ್ಮ ಅದನ್ನು ಮತ್ತೆ ಎಸೆಯಲಿಲ್ಲ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹಾಗೆಯೇ ಕುಳಿತಳು. ಬೆಳಿಗ್ಗೆ ಮಗ್ಗದ ಹಲಗೆ ಮುಟ್ಟಿ ಹಣೆಗೆ ಒತ್ತಿಕೊಂಡೆನೇ? ಇಲ್ಲ. ನಿನ್ನೆ? ನೆನಪಾಗಲಿಲ್ಲ. ಮಗ್ಗದ ದೇವಿಗೆ ಹಾಗೆ ಕೈ ಮುಗಿಯದೆ ಅವಳ ತವರಿನಲ್ಲಿ ಯಾರೂ ಒಂದೆಳೆ ನೇಯ್ದವರಲ್ಲ.

"ಯಾಕ, ಎಳಿ ಹರೀತೇನು?" ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಗಂಡ ದೇವಪ್ಪ ಕೇಳಿದ.

"ನನ್ನ ಕೈ ದೇವಿ ಕಸಗೊಂಡಾಳ ನೋಡ್ರಿ. ಮಗ್ಗಕ್ಕ ಮುಗಿಯೂದು ಮರತೈತಿ."

"ಕಸಗೊಂಡಿದ್ರ ಮುಂಜಾನಿ ರೊಟ್ಟಿ ಯಾರು ಬಡದ್ರು? ದೇವೀನೇ ಬಡದ್ಲೇನು? ಭಾಳ ದಪ್ಪ ಆಗಿದ್ವು ಬಿಡು."

ಅವನು ನಕ್ಕ. ಅವಳು ನಗಲಿಲ್ಲ. ಹೆದರುತ್ತಲೇ ಕೈಯನ್ನು ಹಲಗೆಯ ಮೇಲೆ ಚಾಚಿದಳು. ಕೈ ಸರಿಯಾಗಿಯೇ ಇತ್ತು. ಆದರೆ ಕೈ ಮುಗಿಯಲು ಅಲ್ಲಿ ದೇವಿಯೇ ಇರಲಿಲ್ಲ. ಬರಿಯ ಕಟ್ಟಿಗೆ.

ಪ್ಲೇಗಿನ ವರ್ಷ ಇಳಕಲ್ಲಿನ ಜನವೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಮಿಶನ್ನಿನ ಉಪದೇಶಿ ಚಂದಪ್ಪ ಔಷಧ ಹಿಡಿದು ಬಂದಿದ್ದ. ದೇವಪ್ಪ ಅಲ್ಲಿಯೇ ಯೇಸುವನ್ನು ನಂಬಿ, ಮುಂದೆ ದೀಕ್ಷಾಸ್ನಾನ ಪಡೆದ. ಬಾಳಮ್ಮ ಪ್ರತಿ ರವಿವಾರ ಉಪದೇಶ ಕೇಳುತ್ತ ಕುಳಿತಳೇ ಹೊರತು ಸ್ನಾನಕ್ಕೆ ಒಪ್ಪಲಿಲ್ಲ. ಮೊದಲು ನಾವು ನಂಬಬೇಕು, ಆಮೇಲೆ ದೇವರು ಒಳಗೆ ಬಂದು ಹೊಸ ಹುಟ್ಟು ಕೊಡುತ್ತಾನೆ ಎಂದು ಚಂದಪ್ಪ ಕಲಿಸಿದ್ದ. "ನಂಬಿಕಿ ಬಂದಮ್ಯಾಲ ಬರ್ತೇನಿ. ಸುಳ್ಳ ಹೇಳಿ ನೀರು ಹಾಕಿಸ್ಕೊಳ್ಳೂದಿಲ್ಲ" ಎಂದಿದ್ದಳು. ಈಗ ಪಾದ್ರಿ ಸಾಹೇಬರು ದೀಕ್ಷಾಸ್ನಾನ ಕೊಡಲು ಬರುವ ರವಿವಾರ ಹತ್ತಿರ ಬಂದಿತ್ತು. ಅತ್ತ ಹುನಗುಂದದಿಂದ ಅಣ್ಣ ಹೇಳಿ ಕಳಿಸಿದ್ದ: ಮನಸ್ಸಿಲ್ಲದಿದ್ದರೆ ತವರಿಗೆ ಬಂದುಬಿಡು, ನೀರು ಬಿದ್ದಮೇಲೆ ನಮ್ಮ ಬಾಗಿಲು ಇಲ್ಲ.

ಅವಳು ಮಗ್ಗದಿಂದೆದ್ದು ನೇರ ಉಪದೇಶಿಯ ಮನೆಗೆ ನಡೆದಳು. ಚಂದಪ್ಪ ಪಡಸಾಲೆಯಲ್ಲಿ ಹರಿದ ಕೋಟಿಗೆ ಗುಂಡಿ ಹಚ್ಚುತ್ತಿದ್ದ.

"ಉಪದೇಶಿಯವರ, ನಾ ಇನ್ನೂ ನಂಬಿಲ್ಲ, ಹೌದಲ್ರಿ?"

"ಅದನ್ನ ನನಗ ಕೇಳಿದ್ರ ಹೆಂಗವ್ವಾ?"

ಅವಳು ಕೈಯ ಸಂಗತಿ ಹೇಳಿದಳು. "ಬಿಡಬೇಕಂತ ನಾ ಬಿಟ್ಟಿಲ್ರಿ. ಯಾವಾಗ ಬಿಡ್ತೋ ಅದೂ ಗೊತ್ತಿಲ್ಲ. ಒಳಗ ಬ್ಯಾರೆ ಯಾರೋ ಬಂದು ಕುಂತಾರ. ನಾ ಬಾಗಲಾ ತಗದದ್ದು ನೆನಪಿಲ್ಲ."

"ಈಗ ಕೈ ಮುಗಿ ಅಂದ್ರ ಯಾರಿಗೆ ಮುಗೀತಿ?"

"ಅವಗಽ ರೀ. ಯೇಸುಗ." ಹೇಳಿ ತಾನೇ ಬೆಚ್ಚಿದಳು. "ಅಯ್ಯ, ನಾ ನಂಬೀನಲ್ರಿ!"

"ಹಂಗಲ್ಲವ್ವಾ, ಮೊದಲು..." ಎಂದು ಚಂದಪ್ಪ ಶುರುಮಾಡಿದ. ಇವಳು ನಂಬುವುದಕ್ಕಿಂತ ಮೊದಲೇ ಇವಳ ಕೈ ತಡೆದವರು ಯಾರು? ಹರಕು ಕೋಟು ತೊಡೆಯ ಮೇಲಿತ್ತು, ಸೂಜಿ ಬೆರಳಲ್ಲಿತ್ತು. ಯಾರೋ ದೊಡ್ಡವರು ಪಡಸಾಲೆಯೊಳಗೆ ಕಾಲಿಟ್ಟಂತೆ ಅವನು ಎದ್ದು ನಿಂತ. ಮೆಲ್ಲಗೆ ತಲೆಯ ರುಮಾಲು ತೆಗೆದ.

"ನಾ ಕಲಿಸಿದ್ದು ತಪ್ಪಿರಬೇಕು. ನನಗ ತಿಳಿವಲ್ದವ್ವಾ."

"ಹಂಗಾದ್ರ ರವಿವಾರ?"

"ಬಾ. ಪಾದ್ರಿ ಸಾಹೇಬ್ರು ಕೇಳಿದ್ರ ಈಗ ಹೇಳಿದ್ದನ್ನಽ ಹೇಳು."

"ಬೈದ್ರ?"

"ಬೈದ್ರ ನನಗ ಬೈತಾರ. ನಿನಗ್ಯಾಕ ಬೈತಾರ?"

ಬಾಳಮ್ಮ ಹೊಸ್ತಿಲಲ್ಲಿ ತುಸು ನಿಂತಳು. "ಹುನಗುಂದಕ್ಕ ಹೇಳಿ ಕಳಸ್ತೇನ್ರಿ. ಅಣ್ಣ ಹಾದಿ ಕಾಯೂದು ಬ್ಯಾಡಂತ." ಕಣ್ಣು ಒರೆಸಿಕೊಂಡು ಹೊರಗೆ ಬಂದಳು.

ಓಣಿಯುದ್ದಕ್ಕೂ ಯಾರೋ ಗಂಜಿ ಹಚ್ಚಿದ ಕೆಂಪು ನೂಲನ್ನು ಬಿಗಿದು ಒಣಗಲು ಬಿಟ್ಟಿದ್ದರು. ಊಟದ ಹೊತ್ತು, ಹತ್ತಿರ ಯಾರೂ ಇರಲಿಲ್ಲ. ಅಷ್ಟೂ ಎಳೆಗಳು ಒಮ್ಮೆಲೇ ಸಣ್ಣಗೆ ನಡುಗತೊಡಗಿದವು. ನಡುಕ ಯಾವ ತುದಿಯಿಂದ ಬಂತೆಂದು ಅವಳು ಅತ್ತ ನೋಡಿದಳು, ಇತ್ತ ನೋಡಿದಳು. ನೂಲಿನ ಮೇಲಿನ ಬಿಸಿಲು ಸಹ ನಡುಗುತ್ತಿತ್ತು.