ಕೆಂಚಕ್ಕನ ಕಂಬಳಿ

ನನ್ನ ಸೊಸೆ ದುರುಗಕ್ಕ ಜೀಪು ಓಡಿಸುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಪ್ಪತ್ತಾರನೇ ಇಸವಿಯಲ್ಲಿ ಇಡೀ ಧರ್ಮಪುರದಲ್ಲಿ ಹಾಗೆ ಹೇಳಿಕೊಳ್ಳಬಹುದಾದ ಅತ್ತೆ ನಾನೊಬ್ಬಳೇ ಇದ್ದೆ. ಬಬ್ಬೂರು ಫಾರಂನಲ್ಲಿ ಡ್ರೈವರಾಗಿದ್ದ ಅವಳಪ್ಪ ಕಲಿಸಿದ ವಿದ್ಯೆ ಅದು. ನನ್ನ ಮಗ ಓಬಳೇಶಪ್ಪನಿಗೆ ಮಾತ್ರ ಅದು ನುಂಗಲಾರದ ತುತ್ತು. ಅವನು ಸ್ಟೇರಿಂಗ್ ಹಿಡಿದರೆ ನಮ್ಮ ಹಳೇ ಜೀಪು ರಸ್ತೆ ಬಿಟ್ಟು ಕಡಲೆಕಾಯಿ ಹೊಲಕ್ಕೇ ಇಳಿಯುತ್ತಿತ್ತು.

ಕಾಡು ನೋಡಬೇಕು, ಸಮುದ್ರದ ದಂಡೆಯಲ್ಲಿ ಗುಡಾರ ಹಾಕಿ ಮಲಗಬೇಕು ಎಂದು ಮೂವರು ಹೆಂಗಸರು ಹೊರಟೆವು. ನಾನು, ದುರುಗಕ್ಕ, ಪಕ್ಕದ ಗೊಲ್ಲರಹಟ್ಟಿಯಲ್ಲಿ ಕುರಿ ಸಾಕುವ ಕೆಂಚಕ್ಕ. ಹೊರಡುವಾಗ ಮಗ ಜೀಪಿಗೆ ಅಡ್ಡ ನಿಂತ.

"ದಾರ್ಯಾಗೆ ಒಬ್ಬ ಗಂಡಸು ಗಾಡಿಗೆ ಕೈ ಹಚ್ಚಿ ತಳ್ಳಿದ್ರೂ ಸೈ, ಬಂದ ಮ್ಯಾಲೆ ಬೀಗದಕೈ ನಂದು. ಆಮ್ಯಾಲೆ ನೀನು ಅದನ್ನ ಮುಟ್ಟಂಗಿಲ್ಲ" ಎಂದು ಹೆಂಡತಿಗೆ ಹೇಳಿದ. ಅವಳು ಹೂಂ ಎಂದಳು.

ಹೊಳಲ್ಕೆರೆ, ಶಿವಮೊಗ್ಗ ದಾಟಿ ಆಗುಂಬೆಯ ಕಾಡಿನಲ್ಲಿ ತಂಗಿ, ಗುಡ್ಡ ಹತ್ತಿ ಇಳಿದೆವು. ಜಿಗಣೆ ಕಚ್ಚಿದ್ದಕ್ಕೆ ಕೆಂಚಕ್ಕ ಇಡೀ ಕಾಡಿಗೇ ಶಾಪ ಹಾಕಿದಳು. ಘಾಟಿಯ ತಿರುವುಗಳಲ್ಲಿ ನಾನು ಕಣ್ಣು ಮುಚ್ಚಿದ್ದೆ. ಸೊಸೆ ಮುಚ್ಚಲಿಲ್ಲ, ಅಷ್ಟು ಸಾಕಿತ್ತು.

ಮರವಂತೆಯ ಹತ್ತಿರ ಸಮುದ್ರ ಸಿಕ್ಕಿತು. ನಮ್ಮ ವೇದಾವತಿಯ ಒಣ ಮರಳಿನಲ್ಲಿ ಗಾಡಿಗಳು ಓಡಾಡುತ್ತವೆ, ಮರಳೆಂದರೆ ನಮಗೆ ರಸ್ತೆಯೇ. ಅದೇ ಧೈರ್ಯದಲ್ಲಿ ದುರುಗಕ್ಕ ಜೀಪನ್ನು ನೀರಿನ ಹತ್ತಿರಕ್ಕೆ ಇಳಿಸಿ ನಿಲ್ಲಿಸಿದಳು. ಸಮುದ್ರದ ನೀರು ಇದ್ದಲ್ಲೇ ಇರುವುದಿಲ್ಲ ಎಂದು ನಮಗೆ ಯಾರು ಹೇಳಬೇಕು? ಮೇಲೆ ದಂಡೆಯ ಗುಡಾರದಲ್ಲಿ ಮಲಗಿ ಬೆಳಿಗ್ಗೆ ಎದ್ದರೆ, ಅಲೆಗಳು ಜೀಪಿಗೆ ಬಡಿಯುತ್ತಿದ್ದವು. ಹಿಂದಿನ ಚಕ್ರಗಳು ಅರ್ಧ ಹೂತಿದ್ದವು.

ಮೀನುಗಾರರು ಹಗ್ಗ ಹಿಡಿದು ಬಂದರು, ಒಳ್ಳೆಯ ಜನ. ದುರುಗಕ್ಕ ಬೇಡವೆಂದು ಕೈ ಮುಗಿದಳು. ಅವಳ ಕಣ್ಣು ತುಂಬಿತ್ತು. ಬರಿಗೈಯಲ್ಲಿ ಮರಳು ತೋಡಿದೆವು. ತೋಡಿದಷ್ಟೂ ಅಲೆ ತಂದು ತುಂಬಿತು, ಚಕ್ರ ಸುಮ್ಮನೆ ಸುತ್ತಿತು.

ಆಗ ಕೆಂಚಕ್ಕ ಗುಡಾರದಿಂದ ತನ್ನ ಕರಿಕಂಬಳಿ ತಂದಳು. ಹಬ್ಬದಲ್ಲಿ ಅವರ ಜುಂಜಪ್ಪ ದೇವರಿಗೆ ಗದ್ದುಗೆ ಹಾಸುವ ಕಂಬಳಿ ಅದು. ದೇವರು ಜೊತೆಗಿರಲಿ ಎಂದು ತಂದಿದ್ದಳು. ಚಪ್ಪಲಿ ಕಾಲಲ್ಲಿ ಅದನ್ನು ಯಾರೂ ತುಳಿಯುವಂತಿಲ್ಲ. ನಾನು ತಡೆಯಹೋದೆ. ಅವಳು ಕೇಳದೆ ಅದನ್ನು ಚಕ್ರಗಳ ಹಿಂದೆ ಅಡ್ಡಲಾಗಿ ಹಾಸಿ, ಅಂಚನ್ನು ಮರಳಿನೊಳಗೆ ತುರುಕಿದಳು.

"ಗದ್ದುಗೆ ಮ್ಯಾಲೆ ಕುಂತೋನು ಕೈ ಬಿಡಲ್ಲ. ಹಿಂದಕ್ಕೆ ತಗಿಯವ್ವ" ಎಂದಳು.

ದುರುಗಕ್ಕ ಚಪ್ಪಲಿ ಬಿಟ್ಟು, ಕಂಬಳಿಗೆ ಕೈ ಮುಗಿದು ಜೀಪು ಹತ್ತಿದಳು. ನಾವಿಬ್ಬರೂ ಮುಂದಿನಿಂದ ಹೆಗಲು ಕೊಟ್ಟೆವು. ಟೈರು ಉಣ್ಣೆಯನ್ನು ಕಚ್ಚಿತು, ಜೀಪು ನರಳುತ್ತಾ ದಂಡೆ ಹತ್ತಿತು. ಮೀನುಗಾರರು ಕೇಕೆ ಹಾಕಿದರು. ನಾನಂತೂ ಹೆಮ್ಮೆಯಿಂದ ಅತ್ತುಬಿಟ್ಟೆ.

ಊರಿಗೆ ಬಂದಾಗ ಓಬಳೇಶಪ್ಪ ಮೊದಲು ಕೇಳಿದ್ದು, ಯಾವ ಗಂಡಸು ತಳ್ಳಿದ ಎಂದು. ನಾನು ನಡೆದದ್ದನ್ನೆಲ್ಲ ಹೇಳಿ ಕಂಬಳಿ ಬಿಡಿಸಿ ತೋರಿಸಿದೆ. ಟೈರಿನ ಗುರುತು ಅಚ್ಚೊತ್ತಿದ ಹಾಗಿತ್ತು. ಅದು ಯಾವ ಕಂಬಳಿ ಎಂದು ಅವನಿಗೂ ಗೊತ್ತು. ಹೊಸದು ತಂದುಕೊಡುತ್ತೇನೆ ಎಂದು ಕೆಂಚಕ್ಕನಿಗೆ ತಗ್ಗಿದ ದನಿಯಲ್ಲಿ ಹೇಳಿದ.

"ದೇವ್ರಿಗೆ ಹೊಸದು ತಾರಪ್ಪ. ಇದು ಇವಳ್ದು" ಎಂದು ಕೆಂಚಕ್ಕ ಕಂಬಳಿ ಮಡಿಸಿ ಡ್ರೈವರ್ ಸೀಟಿನ ಮೇಲೆ ಹಾಸಿದಳು.

ಮುಂದಿನ ವಾರ ಹಿರಿಯೂರಿನ ಸಂತೆಗೆ ಹೊರಟೆವು. ದುರುಗಕ್ಕ ಗದ್ದುಗೆಯ ಮೇಲೆ ಕುಳಿತು ಬೀಗದಕೈ ತಿರುವಿದಳು. ನನ್ನ ಮಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಬಂದು ಕುಳಿತ.